ಅವಳ ಹೆಸರಿನಲ್ಲಿ ನನ್ನ ಮಾತು

ಮೇಷ್ಟ್ರೇ,

ಏಳನೇ ತರಗತಿಯ ಹುಡುಗಿಯೊಬ್ಬಳ ಬರಹವನ್ನು ನಾನು ತಿರುಚಿ, ಅವಳ ಹೆಸರಿನಲ್ಲೇ ತರಗತಿಯ ಬ್ಲಾಗಿಗೆ ಹಾಕಿದೆ. ತಪ್ಪು ನನ್ನದೇ.

ಆ ಬ್ಲಾಗ್ ಶುರು ಮಾಡಿದಾಗ ನೀವು ಇಟ್ಟದ್ದು ಒಂದೇ ನಿಯಮ. ಮಕ್ಕಳು ಬರೆದದ್ದನ್ನು ಮುಟ್ಟಬಾರದು, ಕೇಳುವುದಿದ್ದರೆ ಕೆಳಗೆ ಕಾಮೆಂಟಿನಲ್ಲಿ ಕೇಳಬೇಕು. ಅದು ಹೇಡಿತನ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅಂದೆ. ನೀವು ನಕ್ಕು ಚೀಲ ಹೆಗಲಿಗೇರಿಸಿಕೊಂಡು ಹೊರಟಿರಿ. ಮರುವಾರ ನೀವೇ ಇಲ್ಲವಾದಿರಿ.

ಹುಡುಗಿ ಬರೆದದ್ದು ಇಷ್ಟೇ: ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ, ಸಂಜೆಯಾದರೂ ಅವಳ ಕೈ ಬೆಚ್ಚಗಿರುತ್ತದೆ, ಕೆನ್ನೆಗಿಟ್ಟರೆ ಹಿತವಾಗುತ್ತದೆ. ನನಗೆ ಅದು ಸಾಲಲಿಲ್ಲ. ಓದಿದ ಕರಪತ್ರಗಳ ಬೆಂಕಿಯನ್ನೆಲ್ಲ ಅದರೊಳಗೆ ಸುರಿದು, ‘ಮಾಲೀಕನ ಶೋಷಣೆಗೆ ಧಿಕ್ಕಾರ’ ಎಂದು ಮುಗಿಸಿದೆ.

ಮಾಲೀಕ ಅದನ್ನು ಓದಿದ. ಇಂದು ಮಧ್ಯಾಹ್ನ ಹುಡುಗಿಯ ಅಮ್ಮ ಶಾಲೆಗೆ ಬಂದರು.

“ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ ಅಂದ್ಬಿಟ್ರು ಮಾಲೀಕ್ರು, ಟೀಚರ್. ನನ್ ಮಗಳಿಗೆ ಬಾಯಿ ಜಾಸ್ತಿ, ಒಪ್ಕೋತೀನಿ. ಆದ್ರೆ ಈ ಶೋಷಣೆ ಗೀಷಣೆ ಎಲ್ಲಾ ಅವಳಿಗೆಲ್ಲಿ ಬರುತ್ತೆ? ಕೋಪದಲ್ಲಿ ಎರಡೇಟು ಹಾಕ್ದೆ. ಆದ್ರೂ ನಾನೇ ಬರ್ದೆ ಅಂತ ಹಟ ಹಿಡ್ದಿದಾಳೆ.”

ಹುಡುಗಿ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ.

“ಬರ್ದಿದ್ದು ನಾನಮ್ಮಾ” ಎಂದೆ.

ಅವರು ನನ್ನನ್ನೇ ದಿಟ್ಟಿಸಿದರು. “ಹಂಗಾದ್ರೆ ಲಾಂಡ್ರಿಗೆ ಬಂದು ಮಾಲೀಕ್ರ ಹತ್ರ ಹೇಳಿ. ಇಲ್ಲಿ ಹೇಳಿದ್ರೆ ನನ್ ಕೆಲ್ಸ ವಾಪಸ್ ಬರುತ್ತಾ?”

ಹುಡುಗಿಯ ಸಾಲುಗಳನ್ನು ಇದ್ದ ಹಾಗೇ ಮತ್ತೆ ಹಾಕಿದ್ದೇನೆ. ಕೆಳಗೆ ಕಾಮೆಂಟಿನ ಜಾಗ ಖಾಲಿಯಿದೆ. ನೀವಾಗಿದ್ದರೆ ಅವಳನ್ನು ಏನು ಕೇಳುತ್ತಿದ್ದಿರೋ, ನನಗೆ ಹೊಳೆಯುತ್ತಿಲ್ಲ.

ಲಾಂಡ್ರಿಯ ಬಾಗಿಲು ತೆಗೆಯುವುದು ಎಂಟಕ್ಕೆ. ನಾಳೆ, ಶುಕ್ರವಾರ, ಬೆಳಿಗ್ಗೆ ಏಳೂಮುಕ್ಕಾಲಿಗೆ ಆ ತಾಯಿ-ಮಗಳಿಬ್ಬರನ್ನೂ ಅಲ್ಲೇ ಭೇಟಿಯಾಗುತ್ತೇನೆ.