ಹಲ್ಲಿನ ನಡುವಿನ ದಾರ

ಬುರುಲ್,

ನಾರಿನ್ ಊರಿನ ವೇಷಮೇಳದಲ್ಲಿ ಇವತ್ತು ನಿನ್ನ ತಂಗಿ ನಾಜಿಕ್ ತೋಳರಾಣಿಯಾದಳು. ನಮ್ಮಿಬ್ಬರ ಮೆಚ್ಚಿನ ಚಿತ್ರಕಥೆ ಪುಸ್ತಕದ ಅದೇ ರಾಣಿ. ನೀನು ಹೆಣೆದ ಬೂದು ಉಣ್ಣೆಯ ಮುಸುಕು ಕಳೆದ ಚಳಿಗಾಲ ನಿನ್ನೊಂದಿಗೇ ನದಿಯ ಮಂಜುಗಡ್ಡೆಯ ಕೆಳಗೆ ಹೋಯಿತು. ಅವಳು ತೊಟ್ಟದ್ದು ನಾನು ಹೊಸದಾಗಿ ಹೆಣೆದದ್ದು. ಕಿವಿಗಳು ಸ್ವಲ್ಪ ಕತ್ತೆಯ ಕಿವಿಗಳಂತಾಗಿವೆ.

ವೇದಿಕೆ ಹತ್ತುವ ಹೊತ್ತಿಗೆ ಅವಳ ಭುಜದ ಹೊಲಿಗೆ ಬಿಚ್ಚಿತು. ಮೈಮೇಲೇ ಹೊಲಿಯಲು ಸೂಜಿ ತೆಗೆದೆ. ನಿನ್ನ ಅಮ್ಮ ಓಡಿ ಬಂದರು.

“ಬಾಯಲ್ಲಿ ದಾರ ಕಚ್ಚಿಸೇ! ಕಚ್ಚಿಸದೆ ಮೈಮೇಲೇ ಹೊಲಿಯೋದು ಹೆಣಕ್ಕೆ ಮಾತ್ರ.”

ನಾಜಿಕ್ ನಕ್ಕಳು. “ಅಮ್ಮಾ, ಈ ಅಕ್ಕ ಮೂಢನಂಬಿಕೆ ವಿರುದ್ಧ ಕರಪತ್ರ ಹಂಚೋಳು. ನಿನಗೂ ಒಂದು ಕೊಟ್ಟಾಳು, ಸುಮ್ನಿರು!”

ಕಳೆದ ವರ್ಷದ ಮೇಳದಲ್ಲಿ ವೇದಿಕೆಯ ಪಕ್ಕದ ಅದೇ ಮೂಲೆಯಲ್ಲಿ ನಿನ್ನ ಕೊರಳಪಟ್ಟಿ ಹೊಲಿಯುವಾಗ, ನೀನು ಕಚ್ಚಿದ್ದ ಕೆಂಪು ದಾರವನ್ನು ನಾನು ಎಳೆದು ಬಿಸಾಡಿದ್ದೆ. “ಓದಿದವಳು ನೀನು, ನಾಚಿಕೆ ಆಗಲ್ವಾ?” ಎಂದಿದ್ದೆ. ಅದೇ ಸಂಜೆ ನೀನು ಫೋಟೋ ತೆಗೆಸಿಕೊಳ್ಳಲು ಹೆಪ್ಪುಗಟ್ಟಿದ ನದಿಗೆ ಇಳಿದೆ.

ಒಂದಕ್ಕೊಂದು ಸಂಬಂಧವಿಲ್ಲ. ಅದನ್ನು ಇಂದಿಗೂ ಯಾವ ಸಭೆಯಲ್ಲಾದರೂ ಎದ್ದು ನಿಂತು ಹೇಳುತ್ತೇನೆ.

ಆದರೆ ಇವತ್ತು ನಾನೇ ಒಂದು ತುಂಡು ಬಿಳಿ ದಾರ ಕತ್ತರಿಸಿ ನಾಜಿಕ್‌ಳ ತುಟಿಗಿಟ್ಟೆ. ಅವಳು ಕಣ್ಣರಳಿಸಿ ನೋಡಿ, ಕಚ್ಚಿಕೊಂಡಳು. ಹೊಲಿದು ಗಂಟು ಹಾಕಿ, “ಈಗ ಉಗುಳು” ಎಂದು ಅಂಗೈ ಒಡ್ಡಿದೆ.

ಅಂಗೈಗೆ ಬಿದ್ದ ದಾರ ಕೆಂಪಗಿತ್ತು. ಮಂಜಿನಷ್ಟು ತಣ್ಣಗಿತ್ತು.

ಯಾರಿಗೂ ತೋರಿಸಲಿಲ್ಲ. ಮನೆಗೆ ಬಂದು ಒಲೆಯ ಪಕ್ಕ ಕೂತು ಬರೆಯುತ್ತಿದ್ದೇನೆ. ದಾರ ನನ್ನ ಎಡಮುಷ್ಟಿಯಲ್ಲಿದೆ. ಇನ್ನೂ ಬೆಚ್ಚಗಾಗಿಲ್ಲ.