ಸ್ಟಿಕ್ಕರ್ ಕಿತ್ತ ದಿನ

22-12-2006, ಶುಕ್ರವಾರ, ಚಂದ್ರಾ ಲೇಔಟ್

ಬಾಗಿಲ ಮುಂದಿನ ಪ್ಲಾಸ್ಟಿಕ್ ರಂಗೋಲಿ ಇಂದು ಹೋಯಿತು. ಲಕ್ವ ಹೊಡೆದು ನನ್ನ ಬಲಗೈ ಸೋತಾಗ ಸೊಸೆ ಕೋಮಲಾ ಅಂಟಿಸಿದ ಸ್ಟಿಕ್ಕರ್ ಅದು. ಅವಳ ತಪ್ಪಲ್ಲ, ಆದರೂ ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಡಾಕ್ಟರು ಒತ್ತುವುದಕ್ಕೆ ರಬ್ಬರ್ ಚೆಂಡು ಕೊಟ್ಟಿದ್ದರು. ನನಗೇಕೆ ಚೆಂಡು? ದಿನಾ ಬೆಳಗಾಗುವ ಮೊದಲೇ ತಾರಸಿ ಹತ್ತಿ, ಯಾರೂ ನೋಡದ ಹಾಗೆ ರಂಗೋಲಿ ಪುಡಿಯನ್ನು ಚಿಟಿಕೆಯಲ್ಲಿ ಹಿಡಿಯುತ್ತಿದ್ದೆ. ಮೊದಮೊದಲು ಪುಡಿ ಗುಡ್ಡೆಯಾಗಿ ಬೀಳುತ್ತಿತ್ತು. ಆಮೇಲೆ ಚುಕ್ಕಿ ಬಂತು. ಕೊನೆಗೆ ಗೆರೆಯೂ ಬಂತು, ಹಾವು ಹರಿದ ಹಾಗೆ.

ಇಂದು ಧೈರ್ಯ ಮಾಡಿ ಸ್ಟಿಕ್ಕರಿನ ಮುಂದೆಯೇ ನೀರು ಹಾಕಿ, ಚುಕ್ಕಿ ಇಟ್ಟು ತಾವರೆ ಬಿಡಿಸಿದೆ. ಒಂದು ದಳ ದಪ್ಪವಾಯಿತು. ಇರಲಿ.

ಹೆಪ್ಪಿಗೆ ಮೊಸರು ಕೇಳಲು ಎದುರುಮನೆ ಪುಟ್ಟಗೌರಮ್ಮ ಬಂದಳು. ಇಷ್ಟು ದಿನ ಸ್ಟಿಕ್ಕರ್ ತುಳಿದುಕೊಂಡೇ ಒಳಗೆ ಬರುತ್ತಿದ್ದವಳು, ಇವತ್ತು ಸೀರೆ ಎತ್ತಿ ಹಿಡಿದು ತಾವರೆಯನ್ನು ಬಳಸಿಕೊಂಡು ಬಂದಳು.

"ಏನ್ ಕೋಮಲಾ, ಇದನ್ನ ಯಾವಾಗ ಕಲಿತೆ?"

"ನಾನಲ್ಲ ಆಂಟಿ, ನಮ್ಮತ್ತೆ ಹಾಕಿದ್ದು," ಎಂದ ಕೋಮಲಾ, ಅಡುಗೆಮನೆಯಿಂದ ಚಾಕು ತಂದು ಸ್ಟಿಕ್ಕರ್ ಕೆರೆಯಲು ಕೂತಳು.

ಬೆರಳು ನೋಯುತ್ತಿದೆ, ಅಕ್ಷರ ಸೊಟ್ಟಗಾಗುತ್ತಿದೆ. ಸಾಕು. ನಾಳೆ ನವಿಲು ಹಾಕಬೇಕು. ಪುಟ್ಟಗೌರಮ್ಮ ಇನ್ನೂ ಸ್ವಲ್ಪ ಸುತ್ತಿ ಬರಲಿ.