ಒಂಬತ್ತು ದಿನದ ಖಾಲಿ ಚೌಕಗಳು

ಕಾರ್ಹುಲಹ್ತಿ, ಫಿನ್‌ಲೆಂಡ್
ನವೆಂಬರ್ ೧೨, ಮಂಗಳವಾರ

ನನ್ನ ಮಗಳು ತೂಲಿಕ್ಕಿಗೆ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೆ? ನಿನ್ನೂರು ಬರ್ಗೆನ್ನಿನ ಮಳೆಯಲ್ಲಿ ಉಣ್ಣೆಯ ಕಾಲುಚೀಲ ಬಿಡಬೇಡ. ನಾನು ಗಟ್ಟಿಯಾಗಿದ್ದೇನೆ, ಸೌದೆ ನಾನೇ ಒಡೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸತ್ತಿಲ್ಲ. ಕಂಪ್ಯೂಟರಿನಲ್ಲಿ ನಮ್ಮ ಪದಬಂಧ ತೆರೆಯದಿರುವುದು ನಮ್ಮೂರ ಪತ್ರಿಕೆಯವರ ದೆಸೆಯಿಂದ. ಚಂದಾ ಮುಗಿದ ದಿನವೇ ಬ್ಯಾಂಕಿನ ಯಂತ್ರದಲ್ಲಿ ಕಟ್ಟಿದೆ, ಬಿಲ್ಲಿನ ನಂಬರನ್ನು ಎರಡೆರಡು ಸಲ ನೋಡಿ ಒತ್ತಿದೆ. ಆದರೂ ಒಂಬತ್ತು ದಿನದಿಂದ "ಚಂದಾದಾರರಿಗೆ ಮಾತ್ರ" ಎಂದೇ ಬರುತ್ತಿದೆ. ಒಂದೇ ಖಾತೆಯಾದ್ದರಿಂದ ನಿನಗೂ ಅದೇ ಗತಿ. ಫೋನಿನಲ್ಲಿ ನಾವಿಬ್ಬರೂ ಹವಾಮಾನದ ಮಾತು ಮುಗಿದ ಮೇಲೆ ಗಡಿಯಾರದ ಸದ್ದು ಕೇಳಿಸಿಕೊಳ್ಳುವವರು. ಬೆಳಿಗ್ಗೆ ನಾನು ಮೇಲಿನ ಸಾಲು ತುಂಬಿದರೆ ಅಪ್ಪ ಎದ್ದ ಎಂದು ನಿನಗೆ ಗೊತ್ತಾಗುತ್ತದೆ, ಸಂಜೆ ನೀನು ಕೆಳಗಿನದು ತುಂಬಿದರೆ ನೀನು ಮನೆ ಸೇರಿದೆ ಎಂದು ನನಗೆ. ಇದನ್ನು ಪತ್ರಿಕೆಯ ಕಚೇರಿಯಲ್ಲಿ ಫೋನ್ ಎತ್ತುವ ಹೆಂಗಸಿಗೆ ಹೇಗೆ ವಿವರಿಸಲಿ? "ದುಡ್ಡು ಬಂದಿದೆ ಯಜಮಾನ್ರೇ, ಯಾರ್ದು ಅಂತ ಗೊತ್ತಾಗ್ತಿಲ್ಲ" ಎಂದಳು. "ನಂದು ಕಣಮ್ಮ! ಊರಲ್ಲಿ ಇನ್ಯಾರು ನಿಮಗೆ ದಾನ ಮಾಡ್ತಾರೆ?" ಎಂದೆ. "ಎರಡು ದಿನ ತಡ್ಕೊಳ್ಳಿ" ಎಂದಳು. ಅದನ್ನು ನಾಲ್ಕು ಸಲ ಹೇಳಿದ್ದಾಳೆ.

ಪಕ್ಕದ ಮನೆಯ ಲೆಂಪಿ ಬೇರೆ, "ಏನೋ ಆರ್ವೊ, ಹರಳೆಣ್ಣೆ ಕುಡ್ದಂಗಿದೀಯ? ನಮ್ಮನೆ ಪೇಪರ್ ತಗೊಂಡ್ಹೋಗಿ ಬರಿ" ಎಂದಳು. ಅವಳ ಕಾಗದದ ಮೇಲೆ ನಾನು ಬರೆದರೆ ನಿನಗೆ ಕಾಣುತ್ತದೆಯೇ? ಒಳಗೆ ಬಂದು ಬಾಗಿಲು ಹಾಕಿಕೊಂಡೆ. ನಾನು ಆರನೇ ತರಗತಿಗೇ ಶಾಲೆ ಬಿಟ್ಟವನಿರಬಹುದು, ಅಂಕಿ ಒತ್ತಲು ಬರುತ್ತದೆ. ತಪ್ಪು ಅವರದೇ. ನಾಳೆ ಬಸ್ಸು ಹಿಡಿದು ಬಿಲ್ಲು ಸಮೇತ ಅವರ ಮೇಜಿನ ಮುಂದೆ ಕೂರುತ್ತೇನೆ. ತೆರೆಸದೆ ಏಳುವುದಿಲ್ಲ.

ನಿನ್ನ ಗಂಡನನ್ನು ಕೇಳಿದೆ ಎಂದು ಹೇಳು. ಹೊಟ್ಟೆ ತುಂಬ ಉಣ್ಣು.

ನಿನ್ನ ಅಪ್ಪ,
ಆರ್ವೊ

ಮರೆತಿದ್ದು: ಬುಧವಾರ ಸಂಜೆ. ಲಕೋಟೆ ಅಂಟಿಸಿರಲಿಲ್ಲ. ಪದಬಂಧ ತೆರೆಯಿತು. ನಾನು ನಂಬರ್ ನೋಡಿ ಒತ್ತಿದ್ದೂ ಇವತ್ತು ಒಯ್ದಿದ್ದೂ ನಿಮ್ಮಮ್ಮ ಇದ್ದಾಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಳೇ ಬಿಲ್ಲು, ಪ್ರತಿ ಬಿಲ್ಲಿಗೂ ಹೊಸ ನಂಬರಂತೆ. ಆ ಹೆಂಗಸು ನಗಲಿಲ್ಲ, ಕಾಫಿ ಕೊಟ್ಟಳು. ಲೆಂಪಿಗೆ ಹೇಳಬೇಡ. ಇನ್ನೊಂದು. ಈ ತಿಂಗಳ ಇಪ್ಪತ್ತೆಂಟಕ್ಕೆ ನನ್ನ ಹೃದಯದ ಆಪರೇಷನ್. ಮೂರು ದಿನ ಮೇಲಿನ ಸಾಲು ಖಾಲಿ ಇರುತ್ತದೆ, ಹೆದರಬೇಡ. ಕೆಳಗಿನದು ನೀನು ಬಿಡದೆ ತುಂಬು. ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡು, ನಾನು ಬರೆದಿರುತ್ತೇನೆ.